ಕರೆಂಟು ಬಂದಾಗ ಬರುವ ದೆವ್ವ

"ಅಣ್ಣಾ, ನಮಗೊಂದು ದೆವ್ವ ಬೇಕಿತ್ತು" ಅಂದ ಪಕ್ಕದ ತೋಟದವನು, ಕಾಫಿ ಕುಡಿದು ಲೋಟ ಕೆಳಗಿಡುತ್ತ.

ಏಣಿ ಬೇಕು, ಗರಗಸ ಬೇಕು, ಮೆಣಸು ಕುಯ್ಯೋಕೆ ಇಬ್ಬರು ಆಳು ಬೇಕು ಅಂತ ಬರುವವರನ್ನು ಕಂಡಿದ್ದೇನೆ. ದೆವ್ವವನ್ನು ಕಡ ಕೇಳಿಕೊಂಡು ಬಂದವನನ್ನು ಕಂಡದ್ದು ಅದೇ ಮೊದಲು. ಅದೂ ಸಕಲೇಶಪುರದ ಗುಡ್ಡದಲ್ಲಿ. ಇಲ್ಲಿ ಬೇರೆ ಏನಕ್ಕೆ ಬರಗಾಲ ಬಂದರೂ ದೆವ್ವಕ್ಕೆ ಬಂದದ್ದಿಲ್ಲ. ಹಳ್ಳದ ಬದಿಗೊಂದು ಕೊಳ್ಳಿದೆವ್ವ, ಸುಬ್ರಹ್ಮಣ್ಯಕ್ಕಿಳಿಯುವ ರೈಲುದಾರಿಯ ಸುರಂಗದ ಬಾಯಿಗೊಂದು ಬಿಳಿ ಸೀರೆ, ಕೆರೆ ಏರಿಯ ಮೇಲೆ ಪಾದ ಹಿಂದುಮುಂದಾದ ಒಬ್ಬಳು. ಬನದ ಚೌಡಿಯನ್ನೂ ಈ ಪಟ್ಟಿಗೆ ಸೇರಿಸಬಹುದಿತ್ತು, ಆದರೆ ಹಾಗೆ ಬರೆದರೆ ನಮ್ಮವ್ವ ಸೌಟು ಹಿಡಿದುಕೊಂಡು ಬರುತ್ತಾಳೆ. ಅವಳು ದೆವ್ವವಲ್ಲ, ದೇವರು. ಚೌಡಿಯ ಮಾತು ಹೇಳಿದೆ. ಅವ್ವನ ವಿಷಯ ಮುಂದೆ ಬರುತ್ತದೆ.

ಸಮಾಚಾರ ಇಷ್ಟು. ಪಕ್ಕದವನದು ಮೂರು ರೂಮಿನ ಹೋಂಸ್ಟೇ. ಬೆಂಗಳೂರಿನಿಂದ ಹತ್ತು ಜನರ ಗುಂಪೊಂದು ಅಕ್ಟೋಬರ್ 31ಕ್ಕೆ ಬುಕ್ ಮಾಡಿ, "ಹ್ಯಾಲೋವೀನ್ ಏನಾದರೂ ಇರುತ್ತಾ?" ಅಂತ ಫೋನಿನಲ್ಲಿ ಕೇಳಿದ್ದಾರೆ. "ಓಹೋ, ಪ್ರತಿವರ್ಷ ಮಾಡ್ತೀವಿ" ಅಂದುಬಿಟ್ಟಿದ್ದಾನೆ. ಫೋನಿಟ್ಟ ಮೇಲೆ ಹ್ಯಾಲೋವೀನ್ ಅಂದರೆ ಏನು ಅಂತ ಹುಡುಕಿದ್ದಾನೆ. ಹೋಂಸ್ಟೇ ಧರ್ಮವೇ ಹಾಗೆ: ಮೊದಲು ಹೂಂ ಅನ್ನುವುದು, ಆಮೇಲೆ ಕಟ್ಟುವುದು.

"ದೆವ್ವಕ್ಕೇನು, ನಮ್ಮನೆಯವರಿಗೆ ಒಂದು ಬಿಳಿ ಪಂಚೆ ಹೊದಿಸಿ ಕಳಿಸ್ತೀನಿ. ಊಟ ಹಾಕಿ ಕಳಿಸಪ್ಪ ಸಾಕು" ಅಂದಳು ನನ್ನ ಹೆಂಡತಿ ಒಳಗಿಂದ.

ಅವ್ವನಿಗೆ ಈ ಹಬ್ಬ ಯಾವುದೆಂದು ತಿಳಿಯಬೇಕಿತ್ತು. ಹೇಳಿದೆ. ಐರ್ಲೆಂಡ್ ಕಡೆಯ ಹಳೇ ಹಬ್ಬ ಅವ್ವ. ಬೆಳೆ ಮನೆಗೆ ಬಂದು ಚಳಿ ಶುರುವಾಗೋ ಹೊತ್ತಿಗೆ ಸತ್ತವರು ಒಂದು ರಾತ್ರಿ ಮನೆ ಕಡೆ ಬರ್ತಾರೆ ಅಂತ ನಂಬಿಕೆ. ಆಮೇಲೆ ಕ್ರಿಶ್ಚಿಯನ್ನರು ನವೆಂಬರ್ 1ನ್ನು ಸಂತರ ದಿನ ಮಾಡಿಕೊಂಡರು, ಅದರ ಹಿಂದಿನ ರಾತ್ರಿ ಇದಕ್ಕೆ ಉಳೀತು. ಅವರೆಲ್ಲ ಅಮೆರಿಕಕ್ಕೆ ಹೋದಾಗ ಹಬ್ಬವನ್ನೂ ಕಟ್ಟಿಕೊಂಡು ಹೋದರು.

"ಅಂದ್ರೆ ಹಿರೇರ ಹಬ್ಬ ಅನ್ನು. ಎಡೆ ಇಕ್ತಾರಾ?"

"ಇಲ್ಲ, ಮಕ್ಕಳು ವೇಷ ಹಾಕ್ಕೊಂಡು ಮನೆಮನೆಗೆ ಬರ್ತಾರೆ, ಮಿಠಾಯಿ ಕೊಡ್ತಾರೆ."

"ಅದು ಅಂಟಿಗೆ-ಪಂಟಿಗೆ ಅಲ್ವೇನ್ಲಾ!"

ನನಗೆ ಮಾತು ನಿಂತಿತು. ದೀಪಾವಳಿಯಲ್ಲಿ ದೀಪ ಹಿಡಿದು, ರಾತ್ರಿಯಿಡೀ ಹಾಡುತ್ತ ಮನೆಮನೆಗೆ ಹೋಗಿ ದವಸವೋ ದುಡ್ಡೋ ಹೋಳಿಗೆಯೋ ಈಸಿಕೊಳ್ಳುವ ಮಲೆನಾಡಿನ ಹಾಡುಗಾರರ ಸಾಲು. ಅವಳು ಸಣ್ಣವಳಿದ್ದಾಗ ಕಂಡದ್ದು. ಕುಂಬಳಕಾಯಿಗೆ ಕಣ್ಣುಮೂಗು ಕೊರೆದು ಒಳಗೆ ದೀಪ ಇಡ್ತಾರೆ ಅಂದೆ. ಮೊದಲು ಐರ್ಲೆಂಡಿನಲ್ಲಿ ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆಯನ್ನು, ಅಮೆರಿಕದಲ್ಲಿ ಕುಂಬಳ ದಂಡಿಯಾಗಿ ಸಿಕ್ಕಿದ್ದರಿಂದ ಅದಕ್ಕೆ ಬಡ್ತಿ ಸಿಕ್ಕಿತು ಅಂತಲೂ ಅಂದೆ. ಅವ್ವ ಅದಕ್ಕೂ ಬೆರಗಾಗಲಿಲ್ಲ. ಹಾಸನಕ್ಕೆ ಹೋಗುವ ದಾರಿಯಲ್ಲಿ ಅರ್ಧ ಕಟ್ಟಿದ ಮನೆಗಳಿಗೆಲ್ಲ ಮೀಸೆ, ಕೋರೆಹಲ್ಲು ಬರೆದ ಬೂದುಗುಂಬಳ ತೂಗುತ್ತಿರುತ್ತದಲ್ಲ, ಅದನ್ನು ಕಂಡು ಯಾವ ಮಗುವೂ ಮಿಠಾಯಿ ಕೇಳಿದ್ದಿಲ್ಲ ಅಷ್ಟೇ ವ್ಯತ್ಯಾಸ, ಎಂಬ ಮುಖ ಮಾಡಿ ಒಳಗೆ ಹೋದಳು.

ಅಷ್ಟರಲ್ಲಿ ರಜಕ್ಕೆಂದು ನಮ್ಮ ತಂಗಿಯ ಮಗ ಬಂದ. ಎಂಜಿನಿಯರಿಂಗ್ ಎರಡನೇ ವರ್ಷ. ದೆವ್ವದ ಮಾತು ಕಿವಿಗೆ ಬಿದ್ದದ್ದೇ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೀಲಗಟ್ಟಲೆ ತಂದದ್ದಂತೆ. ಬಣ್ಣಬಣ್ಣದ ತಂತಿ, ಕಡಲೆಕಾಳಿನಂಥ ದೀಪ, ಚಿಕ್ಕಿಯ ಹಾಗೆ ಕಾಣುವ ನೀಲಿ ಹಲಗೆ. "ಮಾವ, ನಿಂತ ದೆವ್ವ ಯಾಕೆ? ಯಾರಾದ್ರೂ ಬಂದಾಗ ತಾನೇ ಎದ್ದು ಬರೋ ದೆವ್ವ ಮಾಡೋಣ" ಅಂದ. ಹುಡುಗ ಹೇಳಿದ್ದರಲ್ಲಿ ನ್ಯಾಯವಿತ್ತು. ನಿಂತ ಬೆದರುಬೊಂಬೆಯ ಗತಿ ನಮಗೆ ಗೊತ್ತಿಲ್ಲವೇ? ಮೊದಲ ದಿನ ಮಂಗಗಳು ದೂರದಿಂದ ನೋಡುತ್ತವೆ, ಎರಡನೇ ದಿನ ಹತ್ತಿರ ಬರುತ್ತವೆ, ಮೂರನೇ ದಿನ ಅದರ ಹೆಗಲ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತವೆ. ತೀರ್ಥಹಳ್ಳಿ ಸೀಮೆಯ ನಾಲೂರಿನ ರೈತರೊಬ್ಬರು ಹುಲಿಬೊಂಬೆ ಇಟ್ಟು, ಅದರ ಬಣ್ಣ ಮಾಸಿದ್ದು ಕಂಡು, ಕೊನೆಗೆ ಸಾಕಿದ ನಾಯಿಗೇ ಹುಲಿಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ ಸುದ್ದಿ 2019ರಲ್ಲಿ ದೇಶವೆಲ್ಲ ಓಡಾಡಿತ್ತು. ಹೆದರಿಕೆ ಇರುವುದು ಪಟ್ಟೆಯಲ್ಲಲ್ಲ, ಓಡಾಟದಲ್ಲಿ. ನಾಯಿಗೆ ಹುಲಿಯಾಗಿದ್ದೇನೆಂದು ಗೊತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.

ಡಬ್ಬಿಯೊಳಗಿನ ಮುಖ್ಯ ಆಸಾಮಿ ಪಿಐಆರ್ ಸೆನ್ಸರ್. ಕೋಳಿಮೊಟ್ಟೆಯ ಅರ್ಧ ಚಿಪ್ಪನ್ನು ಕವುಚಿ ಹಾಕಿದಂಥ ಬಿಳಿ ಗುಮ್ಮಟ, ಕೆಳಗೆ ಒಂದು ಪುಟ್ಟ ಹಲಗೆ, ಮೂರು ಕಾಲು. ನೂರು ರೂಪಾಯಿಯ ಆಸುಪಾಸು. ಇದು ತಾನಾಗಿ ಏನನ್ನೂ ಬಿಡುವುದಿಲ್ಲ, ಬರೀ ನೋಡುತ್ತದೆ. ನೋಡುವುದು ರೂಪವನ್ನಲ್ಲ, ಶಾಖವನ್ನು. ನಮ್ಮ ಮೈ, ದನದ ಮೈ, ನಾಯಿಯ ಮೈ, ಎಲ್ಲವೂ ಕಣ್ಣಿಗೆ ಕಾಣದ ಒಂದು ಬೆಳಕನ್ನು ಸದಾ ಚೆಲ್ಲುತ್ತಿರುತ್ತವೆ. ಗುಮ್ಮಟದ ಒಳಗೆ ಅದನ್ನು ಹಿಡಿಯುವ ಎರಡು ತುಂಡುಗಳಿವೆ. ಎರಡರ ಮೇಲೂ ಒಂದೇ ಸಮ ಬಿದ್ದರೆ ಇದಕ್ಕದು ವಜಾ, ಲೆಕ್ಕ ಸೊನ್ನೆ. ಬಿಸಿಮೈಯೊಂದು ಅಡ್ಡ ಹಾಯ್ದರೆ ಮೊದಲು ಒಂದು ತುಂಡಿಗೆ, ಆಮೇಲೆ ಇನ್ನೊಂದಕ್ಕೆ ಬೀಳುತ್ತದೆ. ಆ ಹೆಚ್ಚುಕಮ್ಮಿಯೇ ಸುದ್ದಿ. ಸುಮಾರು ಏಳು ಮೀಟರ್ ದೂರದವರೆಗೆ ಹಿಡಿಯುತ್ತದೆ. ನೇರ ಎದುರಿಗೆ ನಡೆದು ಬಂದವನಿಗಿಂತ ಅಡ್ಡ ಹಾಯ್ದವನನ್ನು ಬೇಗ ಹಿಡಿಯುತ್ತದೆ, ಹಾಗಾಗಿ ದಾರಿಯ ಕೊನೆಗಲ್ಲ, ದಾರಿಯ ಪಕ್ಕಕ್ಕೆ ಕಟ್ಟಬೇಕು. ಅಲುಗಾಡದೆ ನಿಂತವನು ಇದರ ಪಾಲಿಗೆ ಇಲ್ಲವೇ ಇಲ್ಲ.

"ಹಾಗಾದ್ರೆ ನಿಜವಾದ ದೆವ್ವ ಬಂದ್ರೆ ಇದಕ್ಕೆ ಕಾಣಲ್ಲ" ಅಂದೆ. "ದೆವ್ವದ ಮೈ ತಣ್ಣಗಿರುತ್ತಲ್ಲ."

"ಮಾವ, ನೀವು ಸುಮ್ನೆ ತಂತಿ ಹಿಡ್ಕೊಳಿ" ಅಂದ ಅಳಿಯ.

ಈ ಕಣ್ಣಿನ ಹಿಂದೆ ಕೂತು ಯೋಚನೆ ಮಾಡುವುದು ಆ ನೀಲಿ ಹಲಗೆ, ಆರ್ಡುಯಿನೋ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೂ ಕೈಗೆಟುಕಲಿ ಎಂದು ಮೇಷ್ಟ್ರುಗಳು ಮಾಡಿದ್ದು. ಹೆಸರು ಅವರು ಸಂಜೆ ಕೂರುತ್ತಿದ್ದ ಬಾರಿನದು. ಬಾರಿಗೆ ಆ ಹೆಸರು ಬಂದದ್ದು ಸಾವಿರ ವರ್ಷದ ಹಿಂದಿನ ಒಬ್ಬ ರಾಜನಿಂದ. ನಮ್ಮ ಪೇಟೆಯ ಮೇಷ್ಟ್ರುಗಳು ಇದನ್ನು ಕಂಡುಹಿಡಿದಿದ್ದರೆ ಏನು ಹೆಸರು ಬರುತ್ತಿತ್ತು ಎಂದು ನಾನು ಒಂದೆರಡು ಬೋರ್ಡು ನೆನಪಿಸಿಕೊಂಡು ನಕ್ಕೆ. ಅಳಿಯ ನಗಲಿಲ್ಲ. ಅವನು ಲ್ಯಾಪ್‌ಟಾಪಿನಲ್ಲಿ ಹತ್ತು ಹದಿನೈದು ಸಾಲು ಬರೆಯುತ್ತಿದ್ದ. ಓದಿ ಹೇಳು ಅಂದೆ. ಸಾರಾಂಶ: "ಯಾರಾದರೂ ಬಂದರಾ? ಇಲ್ಲ. ಬಂದರಾ? ಇಲ್ಲ. ಬಂದರಾ? ಹಾಂ, ಬಂದರು. ಹಾಗಾದರೆ ಕೂಗು. ಮತ್ತೆ ಮೊದಲಿಂದ." ಇದನ್ನೇ ಸೆಕೆಂಡಿಗೆ ಸಾವಿರಾರು ಸಲ ಕೇಳಿಕೊಳ್ಳುತ್ತ ಕೂರುತ್ತದಂತೆ. ಮದುವೆಗೆ ಬರುವ ಗಂಡನ್ನು ಕಾಯುವ ಹೆಣ್ಣಿನ ಮನೆಯವರು ಕೂಡ ಇಷ್ಟು ಸಲ ಬಾಗಿಲಿಗೆ ಬಂದು ನೋಡಲಾರರು.

ಬ್ರೆಡ್‌ಬೋರ್ಡ್ ಅಂತ ಒಂದು ತೂತುತೂತಿನ ಹಲಗೆ ಇದೆ. ಬೆಸುಗೆ ಇಲ್ಲದೆ ತಂತಿ ಚುಚ್ಚಿ ಜೋಡಿಸುವುದಕ್ಕೆ. ಹಿಂದಿನ ಕಾಲದ ರೇಡಿಯೋ ಹುಚ್ಚರು ಅಡುಗೆಮನೆಯ ಬ್ರೆಡ್ಡು ಕುಯ್ಯುವ ಮಣೆಯ ಮೇಲೆ ಮೊಳೆ ಹೊಡೆದು ಸರ್ಕ್ಯೂಟು ಕಟ್ಟುತ್ತಿದ್ದರಂತೆ, ಹೆಸರು ಅಲ್ಲಿಂದ ಉಳಿದಿದೆ. ನಮ್ಮ ಮನೆಯಲ್ಲಾಗಿದ್ದರೆ ಅದು ಈಳಿಗೆಮಣೆ. ಅವ್ವನ ಈಳಿಗೆಮಣೆಗೆ ಮೊಳೆ ಹೊಡೆದವನ ದೆವ್ವ ಬೇರೆ ಮಾಡಿಸಬೇಕಾಗಿರಲಿಲ್ಲ.

ದೆವ್ವದ ಮೈಗೆ ಹಳೇ ಕಂಬಳಿ ಕೊಪ್ಪೆ ಆರಿಸಿದೆವು. ಮಳೆಗಾಲದಲ್ಲಿ ಗದ್ದೆಗೆ ಹಾಕಿಕೊಂಡು ಹೋಗುತ್ತಿದ್ದ ನಮ್ಮಪ್ಪನದು. ಮಂಜಿನಲ್ಲಿ ಕೊಪ್ಪೆ ಹಾಕಿಕೊಂಡು ಎದುರು ಬಂದ ಮನುಷ್ಯನನ್ನು ನೋಡಿದವರಿಗೆ ಗೊತ್ತು, ಅದಕ್ಕೆ ಬೇರೆ ಮುಖ, ಹಲ್ಲು, ರಕ್ತ ಯಾವುದೂ ಬೇಡ. ಪ್ಲಾಸ್ಟಿಕ್ ತಲೆಬುರುಡೆ ತರಿಸುತ್ತೇನೆ ಅಂದ ಪಕ್ಕದವನನ್ನು ನಾನೇ ತಡೆದೆ.

ಅದನ್ನು ಮುಂದಕ್ಕೆ ಬಾಗಿಸುವುದಕ್ಕೆ ಅಳಿಯ ಮೊದಲು ಹಾಕಿದ್ದು ಸರ್ವೋ ಮೋಟರು. ಒಂಬತ್ತು ಗ್ರಾಂ ತೂಕ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಕೊಪ್ಪೆ ಅದನ್ನು ನೋಡಿ ನಕ್ಕಿರಬೇಕು. ಮೋಟರು ಜ್ರ್‌ ಜ್ರ್‌ ಅಂದಿತು, ನೀಲಿ ಹಲಗೆ ಮಂಕಾಗಿ ಮತ್ತೆ ಮೊದಲಿಂದ ಎದ್ದು ಕೂತಿತು, ಕೊಪ್ಪೆ ಅಲ್ಲಾಡಲಿಲ್ಲ. ಲೆಕ್ಕ ಸುಲಭ: ಅಕ್ಷದಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಒಂದೂ ಮುಕ್ಕಾಲು ಕಿಲೋ ಹಿಡಿಯುವ ಮೋಟರು ಹತ್ತು ಸೆಂಟಿಮೀಟರ್ ಕಡ್ಡಿಯ ತುದಿಯಲ್ಲಿ ನೂರೆಂಬತ್ತು ಗ್ರಾಂ ಕೂಡ ಹಿಡಿಯುವುದಿಲ್ಲ. ಹಂಗಾಮಿನ ಕೊನೆಯ ಮಳೆ ಕುಡಿದ ಕಂಬಳಿ ಅಂದರೆ ಎರಡು ಕಿಲೋ ಮೇಲೆ. ಅದೂ ಅಲ್ಲದೆ ಮೋಟರಿಗೆ ಬೇಕಾದ ಕರೆಂಟನ್ನು ನೀಲಿ ಹಲಗೆಯಿಂದಲೇ ಎಳೆಯಬಾರದು, ಬೇರೆ ಕಡೆಯಿಂದ ಕೊಡಬೇಕು, ಆದರೆ ಎರಡರ ನೆಗೆಟಿವ್ ತಂತಿ ಮಾತ್ರ ಒಂದಕ್ಕೊಂದು ಸೇರಿರಬೇಕು. ಬೇರೆ ಮನೆ ಮಾಡಿದ ಅಣ್ಣತಮ್ಮಂದಿರಿಗೂ ಕಣ ಒಂದೇ ಇರುತ್ತದಲ್ಲ, ಹಾಗೆ.

ಆಗ ನನ್ನ ವಿದ್ಯೆ ಕೆಲಸಕ್ಕೆ ಬಂತು. ಶೆಡ್ಡಿನ ಹಿಂದೆ ಗಿಡ ಬೆಳೆದು ನಿಂತಿದ್ದ ಹಳೇ ಜೀಪಿನ ವೈಪರ್ ಮೋಟರು ಬಿಚ್ಚಿಕೊಂಡು ಬಂದೆ. ಹನ್ನೆರಡು ವೋಲ್ಟು, ಎತ್ತಿನಂಥ ಶಕ್ತಿ, ಗಾಜಿನ ಮೇಲೆ ಆ ಕಡೆ ಈ ಕಡೆ ಆಡಿಸುವ ಕಡ್ಡಿ ಜೊತೆಯಲ್ಲೇ ಇದೆ. ಅಮೆರಿಕದಲ್ಲಿ ಮನೆಮುಂದೆ ದೆವ್ವ ಕಟ್ಟುವವರೆಲ್ಲ ಇದನ್ನೇ ಹುಡುಕಿಕೊಂಡು ಗುಜರಿಗೆ ಹೋಗುತ್ತಾರೆ ಅಂತ ಅಳಿಯ ಒಪ್ಪಿಕೊಂಡ. ನೀಲಿ ಹಲಗೆಗೂ ಮೋಟರಿಗೂ ನಡುವೆ ಒಂದು ರಿಲೇ: ಸಣ್ಣ ಕರೆಂಟು ತಟ್ಟಿದರೆ ದೊಡ್ಡ ಕರೆಂಟಿನ ಬಾಗಿಲು ಟಿಕ್ ಅಂತ ತೆರೆಯುತ್ತದೆ. ಸ್ಕೂಟರಿನ ಬ್ಯಾಟರಿ ಸಾಕು. ಮನೆಯ 230 ವೋಲ್ಟಿನ ತಂಟೆಗೆ ಹೋಗಲೇಬಾರದು, ಹೋದರೆ ಹ್ಯಾಲೋವೀನಿಗೆ ನಾವೇ ಬರಬೇಕಾಗುತ್ತದೆ.

ಆದರೆ ಬ್ಯಾಟರಿ ತರುವುದಕ್ಕೆ ಮುಂಚೆ ಮೂರು ದಿನ ಅಡಾಪ್ಟರ್ ಹಾಕಿ ನೋಡಿದೆವು, ಆ ಮೂರು ದಿನವನ್ನು ನಾನು ಮರೆಯಲಾರೆ. ಈ ಸೆನ್ಸರಿಗೆ ಕರೆಂಟು ಸಿಕ್ಕಿದ ಮೇಲೆ ಸುತ್ತಮುತ್ತಲಿನ ಶಾಖಕ್ಕೆ ಹೊಂದಿಕೊಳ್ಳಲು ಒಂದು ನಿಮಿಷದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಯಾರೂ ಇಲ್ಲದಿದ್ದರೂ ಒಂದೆರಡು ಸಲ ಬಂದರು ಬಂದರು ಅನ್ನುತ್ತದೆ. ನಮ್ಮ ಕಡೆ ಮಳೆ ಮೋಡ ಕಂಡರೆ ಸಾಕು, ಕರೆಂಟು ಹೋಗುವುದು ಬರುವುದು ದಿನಕ್ಕೆ ಹತ್ತು ಸಲ. ಲೋಕದ ದೆವ್ವಗಳೆಲ್ಲ ಕರೆಂಟು ಹೋದಾಗ ಬಂದರೆ ನಮ್ಮದು ಕರೆಂಟು ಬಂದಾಗ ಬರುತ್ತಿತ್ತು. ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಕೊಟ್ಟಿಗೆಯಲ್ಲಿ ದೆವ್ವದ ಮೋಟರು ಗುರ್ ಅಂದ ಕೂಡಲೇ ಹೆಂಡತಿ ಓಡಿ ಹೋಗಿ ಮಿಕ್ಸಿ ಹಾಕುತ್ತಿದ್ದಳು.

ಇನ್ನೊಂದು ತಪ್ಪು ಜಾಗದ್ದು. ಬಚ್ಚಲ ಗೋಡೆಗೆ ಸೆನ್ಸರ್ ಕಟ್ಟಿದ್ದೆವು. ಹಂಡೆ ಒಲೆಯ ಬಿಸಿಗಾಳಿ ಕಿಟಕಿಯಿಂದ ಭುಸ್ಸೆಂದು ಬಂದಾಗಲೆಲ್ಲ ದೆವ್ವಕ್ಕೆ ಮೈ ತುಂಬುತ್ತಿತ್ತು. ಬಿಸಿಲು ಬೀಳುವ ಕಡೆ, ಒಲೆಯ ಕಡೆ, ಗಾಳಿಗೆ ಎಲೆ ಆಡುವ ಕಡೆ ಮುಖ ಮಾಡಿ ಕಟ್ಟಬಾರದು. ಹಿಂದಿರುವ ಎರಡು ಕಿತ್ತಳೆ ತಿರುಪುಗಳಲ್ಲಿ ಒಂದು ಎಷ್ಟು ದೂರ ನೋಡಬೇಕೆನ್ನುವುದಕ್ಕೆ, ಇನ್ನೊಂದು ಒಮ್ಮೆ ಎಚ್ಚೆತ್ತರೆ ಎಷ್ಟು ಹೊತ್ತು ಎಚ್ಚರವಿರಬೇಕೆನ್ನುವುದಕ್ಕೆ. ಇಷ್ಟನ್ನು ಕಲಿಯಲು ಒಂದು ವಾರ ಹೋಯಿತು. ಮಂಜು ಕವಿದರೆ ಏಳು ಮೀಟರೆಲ್ಲ ಸುಳ್ಳು. 1792ರಲ್ಲಿ ಎಂಟು ಮೂಲೆಯ ಕೋಟೆ ಕಟ್ಟಿಸಿದ ಟಿಪ್ಪುವೇ ಇಲ್ಲಿ ಏನೂ ಕಾಣದೆ ಮಂಜರಾಬಾದ್ ಅಂತ ಕರೆದನೆಂದು ಊರವರು ಹೇಳುತ್ತಾರೆ. ನೂರು ರೂಪಾಯಿಯ ಗುಮ್ಮಟವನ್ನು ಬೈದು ಏನು ಫಲ.

ಉಳಿದದ್ದು ದನಿ. ಹೆಬ್ಬೆರಳಗಲದ ಒಂದು ಪ್ಲೇಯರು, ಅದರಲ್ಲಿ ಮೆಮೊರಿ ಕಾರ್ಡು, ಒಂದು ಸ್ಪೀಕರು. ಅಳಿಯ ಇಂಗ್ಲಿಷ್ ಸಿನಿಮಾದ ಕಿರುಚಾಟ ತುಂಬಿದ್ದ. ಅದನ್ನು ಕೇಳಿ ನಮ್ಮ ನಾಯಿ ಆಕಳಿಸಿತು. ನನಗೆ ಹೊಳೆದದ್ದು ಆಗ. ಚಿಕ್ಕಂದಿನಲ್ಲಿ ಸೆಕೆಂಡ್ ಶೋ ಸಿನಿಮಾ ನೋಡಿಕೊಂಡು ಕದ್ದು ಹಿತ್ತಲ ಬಾಗಿಲಿಂದ ಬರುವಾಗ ನನ್ನ ಜೀವ ಬಾಯಿಗೆ ತಂದ ದನಿ ಒಂದೇ ಒಂದು. ಅವ್ವ ಹೊಲಿಗೆ ಹಾಕುತ್ತ ಕೂತಿದ್ದಾಗ ಹಿಂದಿನಿಂದ ಸದ್ದು ಮಾಡಿದೆ, ಅಳಿಯ ಮೊಬೈಲಿನಲ್ಲಿ ಹಿಡಿದುಕೊಂಡ.

"ಯಾರ್ಲಾ ಅದು, ಈ ಹೊತ್ನಲ್ಲಿ?"

ಅಕ್ಟೋಬರ್ 31ರ ರಾತ್ರಿ ಪಕ್ಕದ ತೋಟದ ದಾರಿಯಲ್ಲಿ, ಸಿಲ್ವರ್ ಮರದ ಪಕ್ಕ, ಮಂಜಿನಲ್ಲಿ ಕೊಪ್ಪೆ ಕಾದು ನಿಂತಿತು. ಬೆಂಗಳೂರಿನವರು ಕೈಯಲ್ಲಿ ಲೋಟ ಹಿಡಿದು ನಗುತ್ತ ಬಂದರು. ಟಿಕ್ ಅಂದಿತು. ಅದು ಸ್ಪೀಕರಿನ ಟಿಕ್; ರಿಲೇ ತೆರೆದು ಮೋಟರು ಓಡುವುದಕ್ಕೆ ಅಳಿಯ ಎರಡು ಸೆಕೆಂಡು ತಡ ಇಟ್ಟಿದ್ದ. ಇದನ್ನು ಅವನು ಕಲಿತದ್ದು ಲ್ಯಾಪ್‌ಟಾಪಿನಿಂದಲ್ಲ, ನಾನು ಹೇಳಿಕೊಟ್ಟದ್ದು, ನಾನು ಕಲಿತದ್ದು ಘಟ್ಟದ ಕೆಳಗಿನಿಂದ ಬರುತ್ತಿದ್ದ ಯಕ್ಷಗಾನದ ಮೇಳಗಳಿಂದ. ಬಣ್ಣದ ವೇಷ ಬಂದ ಕೂಡಲೇ ಮುಖ ತೋರಿಸಿಬಿಟ್ಟರೆ ಮಕ್ಕಳು ಯಾಕೆ ಅಳುತ್ತವೆ? ಪರದೆಯ ಹಿಂದೆ ಮೊದಲು ಆರ್ಭಟೆ ಕೇಳಬೇಕು, ಕಿರೀಟದ ತುದಿ ಅಷ್ಟೇ ಕಾಣಬೇಕು. ಟಿಕ್ ಕೇಳಿ ಅವರು ನಿಂತರು. ನಿಂತದ್ದರಿಂದ ಸುತ್ತ ಎಷ್ಟು ನಿಶ್ಶಬ್ದವೆಂದು ಅವರಿಗೇ ಗೊತ್ತಾಯಿತು. ಆಗ ಕೊಪ್ಪೆ ಬಾಗಿ ಕೇಳಿತು, ಯಾರ್ಲಾ ಅದು ಅಂತ. ಎರಡು ಲೋಟ ಒಡೆದವು. ಒಬ್ಬ ಹುಡುಗ "ಸಾರಿ ಅಜ್ಜೀ!" ಅಂತ ಕೂಗಿಕೊಂಡೇ ಓಡಿದ. ಅಷ್ಟು ಒಳ್ಳೆಯ ಸಂಸ್ಕಾರದ ಹುಡುಗನನ್ನು ಹೆದರಿಸಿದ್ದಕ್ಕೆ ನನಗೆ ಈಗಲೂ ಬೇಜಾರಿದೆ.

ಬೆಳಗಾದರೆ ರಾಜ್ಯೋತ್ಸವ. ಬೆಂಗಳೂರಿನವರು ಕೆಂಪು ಹಳದಿ ಶಾಲು ಹೊದ್ದು ಕೊಪ್ಪೆಯ ಜೊತೆ ಫೋಟೋ ತೆಗೆಸಿಕೊಂಡು ಹೋದರು. ರಾತ್ರಿ ಐರ್ಲೆಂಡಿನದ್ದಾಗಿದ್ದ ದೆವ್ವ ಬೆಳಿಗ್ಗೆ ಕನ್ನಡದ್ದಾಯಿತು. ಮಾತಾಡಿದ್ದು ಮೊದಲಿಂದಲೂ ಕನ್ನಡವೇ ಅನ್ನಿ.

ದೆವ್ವ ಮನೆಗೆ ವಾಪಸ್ಸು ಬಂತು. ಕೊಟ್ಟಿಗೆಯ ಪಕ್ಕ ಒರಗಿಸಿ ಇಟ್ಟವರು ಬ್ಯಾಟರಿ ತೆಗೆಯುವುದನ್ನು ಮರೆತೆವು. ಸಂಜೆ ಹಾಲು ಕರೆಯಲು ಅವ್ವ ಹೋದಳು.

"ಯಾರ್ಲಾ ಅದು, ಈ ಹೊತ್ನಲ್ಲಿ?"

"ನಾನು ಕಣೇ! ನೀನ್ಯಾರೇ ಕೇಳಾಕೆ?"

"ಯಾರ್ಲಾ ಅದು, ಈ ಹೊತ್ನಲ್ಲಿ?"

"ಈ ಮನೆಗೆ ಬಂದು ಅರವತ್ತು ವರ್ಷ ಆತು ಕಣೇ, ನನ್ನೇ ಕೇಳ್ತೀಯಾ?" ಅವ್ವನಿಗೆ ಕೈ ಬೀಸದೆ ಮಾತಾಡಿ ಅಭ್ಯಾಸವಿಲ್ಲ. ಕೈ ಬೀಸಿದಷ್ಟೂ ಸೆನ್ಸರಿಗೆ ಸುದ್ದಿ, ಸುದ್ದಿ ಸಿಕ್ಕಷ್ಟೂ ಅದು ಕೇಳುತ್ತದೆ, ಕೇಳಿದಷ್ಟೂ ಇವಳು ಕೈ ಬೀಸುತ್ತಾಳೆ. ಐದು ನಿಮಿಷ ನಡೆಯಿತು. ಕೊನೆಗೆ ಸುಸ್ತಾಗಿ ಸೊಂಟಕ್ಕೆ ಕೈಯಿಟ್ಟು ಅಲುಗಾಡದೆ ನಿಂತಳು. ಕೊಪ್ಪೆಯೂ ಸುಮ್ಮನಾಯಿತು. "ಹಾಂ, ಹಂಗೆ ಬಾ ದಾರಿಗೆ" ಅಂದು ಚೆಂಬು ಎತ್ತಿಕೊಂಡಳು. ಅರವತ್ತು ವರ್ಷದಲ್ಲಿ ಅವ್ವನ ಎದುರು ಕೊನೆಯ ಮಾತು ತನ್ನದೇ ಆಗಬೇಕು ಅಂತ ಹಟ ಹಿಡಿದು ನಿಂತದ್ದು ಅವಳ ದನಿ ಮಾತ್ರ.

ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನವೆಂಬರ್ ಅಂದರೆ ಅರೇಬಿಕಾ ಹಣ್ಣು ಕುಯ್ಯುವ ಕಾಲ. ಕಾಫಿಗೆ ಒಳ್ಳೆ ರೇಟು ಬಂದಾಗಲೆಲ್ಲ ಕಣದಲ್ಲಿ ಒಣಗುವ ಕಾಫಿಗೆ ಕಾಲು ಬರುತ್ತದೆ. "ದೆವ್ವವನ್ನ ಕಣದಲ್ಲಿ ನಿಲ್ಲಿಸೋಣ ಮಾವ, ಕಳ್ಳ ಓಡಿಹೋಗ್ತಾನೆ" ಅಂದ ಅಳಿಯ. ನಾನು ಹೂಂ ಅನ್ನುವಷ್ಟರಲ್ಲಿ ಹೆಂಡತಿ ಅಡ್ಡ ಬಂದಳು. "ಕಳ್ಳ ಅಲ್ದೆ ಬೇರೆಯವರು ಬಂದ್ರೆ?"

ಬೇರೆಯವರು ಅಂದರೆ ಯಾರೆಂದು ಸಕಲೇಶಪುರ, ಆಲೂರಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಸಂಜೆಯಾದರೆ ವಾಟ್ಸಾಪಿನಲ್ಲಿ ಮೊದಲು ನೋಡುವುದು ಗುಂಪು ಯಾವ ತೋಟದಲ್ಲಿದೆ ಅಂತಲೇ. ಅಷ್ಟು ದೊಡ್ಡ ಮೈ, ಕಾಫಿ ಗಿಡದ ಸಾಲಿನಲ್ಲಿ ಬಂದರೆ ಒಂದು ಎಲೆಯ ಸದ್ದೂ ಇರುವುದಿಲ್ಲ. ಕೆಣಕಿದರೆ ಏನಾಗುತ್ತದೆಂದು ನೋಡಿದ ಮನೆಗಳು ನಮ್ಮ ಹೋಬಳಿಯಲ್ಲೇ ಇವೆ. ಎಂಟು ಸಲ ದಸರಾದ ಚಿನ್ನದ ಅಂಬಾರಿ ಹೊತ್ತ ಆನೆ ಅರ್ಜುನನೇ 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ಕಾಡಿನಲ್ಲಿ ಕಾಡಾನೆಯ ಎದುರು ಬಿದ್ದ. ಆ ದಿನ ಇಲ್ಲಿ ಒಲೆ ಹಚ್ಚದ ಮನೆಗಳನ್ನು ನಾನು ಕಂಡಿದ್ದೇನೆ. ಕತ್ತಲಲ್ಲಿ ಆನೆಯ ಮುಖಕ್ಕೆ ಕಂಬಳಿ ಬಾಗಿಸಿ ಯಾರ್ಲಾ ಅದು ಅಂತ ಕೇಳುವುದು ತಮಾಷೆಯಲ್ಲ.

ಅಳಿಯ ಒಂದು ರಾತ್ರಿ ಯೋಚನೆ ಮಾಡಿದ. ಬೆಳಿಗ್ಗೆ ವೈಪರ್ ಮೋಟರು ಬಿಚ್ಚಿಟ್ಟು, ಕಣ್ಣನ್ನು ಮಾತ್ರ ಕಣದ ಕಂಬಕ್ಕೆ ಕಟ್ಟಿದ. ಕಾಡಿನಲ್ಲಿ ಹುಲಿ ಎಣಿಸುವ ಕ್ಯಾಮೆರಾಗಳೊಳಗೆ ಇರುವುದೂ ಇದೇ ಜಾತಿಯ ಕಣ್ಣಂತೆ. ಅವು ನೋಡಿ ಸುಮ್ಮನಿರುತ್ತವೆ. ಅಲ್ಲಿಂದ ಉದ್ದದ ತಂತಿ ಎಳೆದು, ನೀಲಿ ಹಲಗೆಯನ್ನೂ ಸ್ಪೀಕರನ್ನೂ ತಂದು ನನ್ನ ಮಂಚದ ತಲೆಯ ಹತ್ತಿರ ಇಟ್ಟ. ಬಂದವರನ್ನು ಹೆದರಿಸುವುದಕ್ಕೆ ಹುಟ್ಟಿದ ಯಂತ್ರ ಮನೆಯ ಯಜಮಾನನನ್ನು ಹೆದರಿಸುವ ಕೆಲಸಕ್ಕೆ ಸೇರಿತು. ಬೀಪ್ ಅನ್ನುವ ಸದ್ದು ಹಾಕಯ್ಯಾ ಅಂದೆ. "ಬೀಪ್‌ಗೆ ನೀವು ಏಳಲ್ಲ ಮಾವ, ಅತ್ತೆ ಹೇಳಿದ್ರು" ಅಂದು ಬೆಂಗಳೂರು ಬಸ್ಸು ಹತ್ತಿದ.

ಹದಿನೈದು ದಿನ ಬಂದವರೆಲ್ಲ ನಾಯಿ, ಬೆಕ್ಕು, ಒಂದು ಮುಳ್ಳುಹಂದಿ. ಒಂದು ರಾತ್ರಿ ಎರಡು ಗಂಟೆ. ಕಿವಿಯ ಪಕ್ಕದಲ್ಲೇ ಟಿಕ್.

"ಯಾರ್ಲಾ ಅದು, ಈ ಹೊತ್ನಲ್ಲಿ?"

ಎದ್ದು ಕೂತೆ. ಟಾರ್ಚು ಕೈಗೆ ಸಿಕ್ಕಿತು, ಒತ್ತಲಿಲ್ಲ. ಕಿಟಕಿಯಾಚೆ ಮಂಜು, ಕಣ ಇದೆಯೋ ಇಲ್ಲವೋ ಕಾಣದು. ನಾಯಿ ಬೊಗಳಲಿಲ್ಲ, ಮಂಚದ ಕೆಳಗೆ ಬಂದು ಸೇರಿಕೊಂಡಿತು. ಹೆಂಡತಿ ನನ್ನ ತೋಳು ಹಿಡಿದಳು, ಹೋಗಬೇಡಿ ಅನ್ನುವ ಹಾಗೆ. ಹೋಗುವ ಯೋಚನೆ ನನಗೆ ಮೊದಲೇ ಇರಲಿಲ್ಲ.

"ಯಾರ್ಲಾ ಅದು, ಈ ಹೊತ್ನಲ್ಲಿ?"

ಒಳಕೋಣೆಯಿಂದ ನಿದ್ದೆಗಣ್ಣಿನ ದನಿ ಬಂತು. "ಯಾರೂ ಇಲ್ಲ ಕಣೇ, ಸುಮ್ನೆ ಮಲಕ್ಕೋ."

ದನಿ ಮತ್ತೆ ಕೇಳಲಿಲ್ಲ.

ಬೆಳಿಗ್ಗೆ ಕಣದ ಅಂಚಿನ ಕೆಸರಿನಲ್ಲಿ ಮೊರದಗಲದ ಹೆಜ್ಜೆಗಳು, ಒಂದೊಂದರಲ್ಲೂ ನೀರು ತುಂಬಿತ್ತು. ಬಾಳೆಯ ಎರಡು ಗಿಡ ಇರಲಿಲ್ಲ. ಕಾಫಿ ಒಂದು ಕಾಳೂ ಚೆಲ್ಲಿರಲಿಲ್ಲ. ಅವ್ವ ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ರಾತ್ರಿ ನೀನೇ ಹೇಳಿದ್ದಲ್ಲ, ಯಾರೂ ಇಲ್ಲ ಅಂತ" ಅಂದೆ.

"ಗಣಪ ಬಂದು ಬಾಳೆ ತಿಂದು ಹೋಗವ್ನೆ. ಅವನನ್ನೂ ಯಾರು ಅಂತ ಕೇಳಾಕಾಯ್ತದೇನ್ಲಾ?" ಅಂದು, ಕೆಸರು ತುಳಿಯದ ಹಾಗೆ ಸೀರೆ ಎತ್ತಿಕೊಂಡು ಹಾಲು ಕರೆಯಲು ಹೋದಳು. ಮಂಚದ ಹತ್ತಿರ ಸ್ಪೀಕರು ಅವಳನ್ನು ಕೇಳುವುದು ನನಗೆ ಅಂಗಳದವರೆಗೂ ಕೇಳಿಸಿತು.